ಅಟ್ಟದ ಮೇಲೆ ಕಾಯಿ ನೋಡಿದವರು

ದೆವ್ವದ ಕತೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. "ನನ್ನ ಕಣ್ಣಾರೆ ಕಂಡೆ ಕಣ್ರೀ" ಎಂದು ಯಾರಾದರೂ ಶುರುಮಾಡಿದರೆ, "ಕಂಡಾಗ ಹೊಟ್ಟೆ ತುಂಬಿತ್ತೋ, ಖಾಲಿ ಇತ್ತೋ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಹೇಳಲು ಕೂತಿದ್ದೇನೆ. ನೀವೂ ಅದೇ ಪ್ರಶ್ನೆ ಕೇಳಬಹುದು. ಹೊಟ್ಟೆ ತುಂಬಿತ್ತು. ಹಾಡುಹಗಲು, ಮುದ್ದೆ ಉಂಡು ಬಂದಿದ್ದೆ.

ಎಪ್ಪತ್ತರ ದಶಕದ ಕೊನೆಯ ಮಾತು. ಹಂದನಕೆರೆಯಿಂದ ಒಳಗೆ, ಬಸ್ಸು ಹೋಗದ ಒಂದು ಹಳ್ಳಿಯ ಪ್ರೈಮರಿ ಶಾಲೆಗೆ ನಾನೊಬ್ಬಳೇ ಟೀಚರು. ಶಾಲೆ ಅನ್ನುವುದಕ್ಕೂ ನಾಚಿಕೆ. ಹಳೆಯ ಕಟ್ಟಡದ ಗೋಡೆ ಮಳೆಗೆ ಕುಸಿದಿತ್ತು. ಹೊಸದಕ್ಕೆ ಕೊಟ್ಟ ಅರ್ಜಿ ಯಾವ ಮೇಜಿನ ಮೇಲೆ ನಿದ್ದೆ ಹೊಡೆಯುತ್ತಿತ್ತೋ ದೇವರೇ ಬಲ್ಲ. ಸಣ್ಣಯ್ಯ ಎಂಬ ವಯಸ್ಸಾದ ರೈತರು ಪುಣ್ಯ ಕಟ್ಟಿಕೊಂಡು, ತಮ್ಮ ಕೊಬ್ಬರಿ ಮನೆಯ ಕೆಳಭಾಗವನ್ನು ನಮಗೆ ಬಿಟ್ಟುಕೊಟ್ಟಿದ್ದರು. ಮೇಲೆ ಅಟ್ಟದ ತುಂಬ ತೆಂಗಿನಕಾಯಿ, ಕೆಳಗೆ ಮಕ್ಕಳು. ಇದ್ದ ಒಂದು ಕರಿಹಲಗೆಯೂ ಸೀಳಿತ್ತು.

ಅಲ್ಲಿಗೆ ಬಂದವಳು ಇಂಗ್ರಿಡ್, ಡೆನ್ಮಾರ್ಕಿನ ಹುಡುಗಿ. ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬಹುದು. ಏನೂ ಇಲ್ಲದ ಶಾಲೆಗಳಿಗೆ ನೆರವಾಗಲು ಪರದೇಶಗಳಿಗೆ ಸ್ವಯಂಸೇವಕರನ್ನು ಕಳಿಸುವ ಯಾವುದೋ ಸಂಸ್ಥೆ ಅವಳನ್ನು ಒಂದು ವರ್ಷಕ್ಕೆಂದು ಕಳಿಸಿತ್ತು. ಈ ಗೊಂಬೆ ಎರಡು ದಿನ ಇದ್ದು ಓಡುತ್ತದೆ ಅಂದುಕೊಂಡಿದ್ದೆ. ಓಡಲಿಲ್ಲ. ಬಾವಿಯಿಂದ ನೀರು ಸೇದಿದಳು, ಮಕ್ಕಳ ತಲೆಯ ಹೇನು ತೆಗೆದಳು, ಮುದ್ದೆಯನ್ನು ನುಂಗಲು ಬಾರದೆ ಅಗಿದು ಅಗಿದು ತಿಂದು ಊರಿಗೆ ಊರೇ ನಗುವಂತೆ ಮಾಡಿದಳು. ಮಕ್ಕಳು ಅವಳನ್ನು ಇಂಗ್ರಮ್ಮ ಅಂದರು, ಅವಳು ನನ್ನನ್ನು ಅಕ್ಕ ಅಂದಳು. ಹೊಸ ಕೋಣೆಗೆ ಪಾಯ ತೋಡಲು ಊರವರನ್ನು ಹೊರಡಿಸಿದವಳೂ ಅವಳೇ. ನಾನು ಎಷ್ಟು ಬೈದರೂ ಜಗಲಿ ಬಿಟ್ಟು ಏಳದ ಗಂಡಸರು ಅವಳ ಹರಕುಮುರುಕು ಕನ್ನಡಕ್ಕೆ ಗುದ್ದಲಿ ಹಿಡಿದರು! ನನಗೆ ಹೊಟ್ಟೆಕಿಚ್ಚಾದದ್ದೂ ನಿಜ, ಅವಳ ಮೇಲೆ ಪ್ರೀತಿ ಹುಟ್ಟಿದ್ದೂ ನಿಜ.

ನಮ್ಮ ಕಡೆಯ ಒಂದು ಪದ್ಧತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಕೊಬ್ಬರಿಗೆಂದು ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ತಾನಾಗಿಯೇ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಆಗಿದೆಯೋ ಇಲ್ಲವೋ ನೋಡಲು ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಲೊಡಲೊಡ ಅಂದರೆ ಒಣಗಿದೆ ಎಂದರ್ಥ. ಅದನ್ನು ಕೆಳಗಿಳಿಸಲು ಅಟ್ಟದ ಬಾಯಿಯ ಕಡೆಗೆ ಉರುಳಿಸುತ್ತಾರೆ. ಹಸಿಯಿದ್ದರೆ ಇದ್ದಲ್ಲೇ ಇಡುತ್ತಾರೆ. ತಿಪಟೂರಿನ ಕೊಬ್ಬರಿ ವ್ಯಾಪಾರದವರ ಮನೆಯಲ್ಲಿ ಹುಟ್ಟಿದ ನನಗೆ ಈ ಸದ್ದು ನಿದ್ದೆಯಲ್ಲೂ ಗುರುತು ಸಿಗುತ್ತದೆ.

ಆ ಸಲ ಸಣ್ಣಯ್ಯನವರು ಹಳೆಯ ಕಾಯಿಯನ್ನೆಲ್ಲ ಇಳಿಸಿ ಮಾರಿ, ಆಗಷ್ಟೇ ಹೊಸ ಕಾಯಿ ತುಂಬಿಸಿದ್ದರು. ಒಂದೊಂದರಲ್ಲೂ ನೀರು ತುಂಬಿತ್ತು.

ಮೋಡ ಮುಚ್ಚಿದ ಮಧ್ಯಾಹ್ನ. ಮಕ್ಕಳು ಸಾಲಾಗಿ ಕೂತಿದ್ದರು. ಇಂಗ್ರಿಡ್ ಮಗ್ಗಿಯನ್ನು ಹಾಡಿನ ಧಾಟಿಯಲ್ಲಿ ಹೇಳಿಕೊಡುತ್ತಿದ್ದಳು. ನಾನು ಬಾಗಿಲ ಹತ್ತಿರ ಕೂತು ಸ್ಲೇಟು ತಿದ್ದುತ್ತಿದ್ದೆ. ಮೇಲಿನಿಂದ ಒಂದು ಸದ್ದು ಬಂತು. ಕಾಯಿ ಎತ್ತಿದ ಸದ್ದು. ಸ್ವಲ್ಪ ಹೊತ್ತು ಏನಿಲ್ಲ. ಆಮೇಲೆ ಇಟ್ಟ ಸದ್ದು. ಇಲಿ ಅಂದುಕೊಂಡೆ. ಆದರೆ ಇಲಿ ಎತ್ತಿದ್ದನ್ನು ಮೆಲ್ಲಗೆ ಇಡುವುದಿಲ್ಲವಲ್ಲ! ಅದು ಗೋಡೆಯ ಕಡೆಯಿಂದ ಹೊರಟು, ಮುಂದಿನ ಸಾಲಿನ ಮಕ್ಕಳ ತಲೆಯ ಮೇಲೆಯೇ ಒಂದೊಂದಾಗಿ ಬರುತ್ತಿತ್ತು. ಒಂದು ಮಗು, ಒಂದು ಕಾಯಿ. ಮಗ್ಗಿ ತಾನಾಗಿಯೇ ನಿಂತುಹೋಯಿತು. ಕೊಬ್ಬರಿ ಮನೆಗಳ ಮಕ್ಕಳಿಗೆ ಅದೇನು ಸದ್ದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸಣ್ಣಯ್ಯನವರು ಹೊರಗೆ ಹಗ್ಗ ಹೊಸೆಯುತ್ತಿದ್ದರು. "ಸಣ್ಣಯ್ಯನೋರೆ, ಅಟ್ಟದ ಮೇಲೆ ಯಾರನ್ನ ಹತ್ತಿಸಿದೀರಿ?" ಎಂದು ಕೂಗಿದೆ.

"ಯಾರೂ ಇಲ್ವಲ್ಲ ಟೀಚರಮ್ಮ. ಏಣಿ ಇಲ್ಲೇ ಈಚೆ ಐತೆ. ಹಸಿ ಕಾಯ್ನ ಈಗ್ಯಾರು ನೋಡ್ತಾರೆ?" ಎನ್ನುತ್ತ ಬಾಗಿಲಿಗೆ ಬಂದವರು ಅಲ್ಲೇ ನಿಂತುಬಿಟ್ಟರು. ಅವರಿಗೂ ಕೇಳಿಸಿತ್ತು.

ಸದ್ದು ಎರಡನೆಯ ಸಾಲಿಗೆ ತಿರುಗಿತ್ತು. ಅಲ್ಲಿ ಅವರ ಮೊಮ್ಮಗಳು ರತ್ನ ಕೂತಿದ್ದಳು, ಆಗಿನ್ನೂ ಒಂದನೆಯ ತರಗತಿ. ಅವಳ ಮೇಲೆ ಕಾಯಿ ಎತ್ತಿದ ಸದ್ದಾಯಿತು. ಇಟ್ಟ ಸದ್ದು ಆಗಲಿಲ್ಲ. ರತ್ನ ಕಿಟಾರನೆ ಕಿರುಚಿಕೊಂಡಳು. ನಾನು ಸ್ಲೇಟು ಕೆಳಗಿಡುವುದರೊಳಗೆ ಇಂಗ್ರಿಡ್ ಎರಡೇ ಹೆಜ್ಜೆಗೆ ಹೋಗಿ ಮಗುವನ್ನು ಎತ್ತಿ ನನ್ನ ಮಡಿಲಿಗೆ ಹಾಕಿದಳು. ಉಳಿದ ಮಕ್ಕಳ ಹೆದರಿಕೆ ಬಿಡಿಸಲೆಂದು ಹೋಗಿ ರತ್ನಳ ಜಾಗದಲ್ಲೇ ಚಕ್ಕಳಮಕ್ಕಳ ಹಾಕಿ ಕೂತು, ಮೇಲೆ ನೋಡಿ ನಕ್ಕಳು.

"ಈಗ ನಾನು ಇದ್ದೀನಿ. ನೋಡು!" ಅಂದಳು.

ಲೊಡಲೊಡ ಎಂದಿತು. ಅಷ್ಟು ಸ್ಪಷ್ಟವಾಗಿ ಎಂದೂ ಕೇಳಿರಲಿಲ್ಲ. ಆಮೇಲೆ ಆ ಕಾಯಿ ಅಟ್ಟದ ಹಲಗೆಗಳ ಮೇಲೆ ಉರುಳುತ್ತ ಉರುಳುತ್ತ ಹೋಗಿ, ಅಟ್ಟದ ಬಾಯಿಯ ಹತ್ತಿರ ನಿಂತಿತು.

"ಎಲ್ರೂ ಈಚೆ ಬನ್ರಲಾ!" ಎಂದು ಸಣ್ಣಯ್ಯನವರು ಅರಚಿದರು. ಮಕ್ಕಳು ಎದ್ದೆವೋ ಬಿದ್ದೆವೋ ಎಂದು ಓಡಿದರು. ಸಣ್ಣಯ್ಯನವರೇ ಏಣಿ ಹಾಕಿ ಹತ್ತಿ ನೋಡಿದರು. ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ಸುತ್ತಲಿನ ಕಾಯಿಗಳನ್ನು ಅಲ್ಲಾಡಿಸಿದರೆ ಬರೀ ನೀರು. ಅಟ್ಟದ ಬಾಯಲ್ಲಿದ್ದ ಒಂದು ಮಾತ್ರ ಲೊಡಲೊಡ ಎನ್ನುತ್ತಿತ್ತು. "ಹಳೇದೊಂದು ಉಳ್ಕಂಡಿತ್ತು ಅಂತ ಕಾಣ್ತದೆ, ಬುಡಿ" ಅಂದರು. ಆದರೆ ಅದನ್ನು ಒಡೆದು ನೋಡಲೂ ಇಲ್ಲ, ಹಾಗೆಯೇ ತೆಗೆದುಕೊಂಡು ಹೋಗಿ ಬಚ್ಚಲ ಒಲೆಗೆ ಹಾಕಿದರು.

ಇಂಗ್ರಿಡ್‌ಗೆ ಆ ಸದ್ದಿನ ಅರ್ಥವನ್ನು ಅಂದೇ ಬಿಡಿಸಿ ಹೇಳಿದೆ. "ಒಣಗಿದ ಕಾಯಿಗೇ ಬೆಲೆ ಜಾಸ್ತಿ ಅಲ್ವಾ ಅಕ್ಕ?" ಎಂದು ನಕ್ಕಳು. ನಾನೂ ನಕ್ಕೆ. ಆದರೂ ಮರುದಿನದಿಂದ ಪಾಠ ಹೊಂಗೆ ಮರದ ಕೆಳಗೆ ನಡೆಯಿತು. ಬೇರೆ ಏನೂ ಆಗಲಿಲ್ಲ, ನಾವು ನಿಧಾನವಾಗಿ ಮರೆಯುತ್ತ ಬಂದೆವು.

ಹೊಸ ಕೋಣೆಯ ಗೋಡೆ ಕಿಟಕಿಯ ಮಟ್ಟಕ್ಕೆ ಬಂದಾಗ ಅವಳಿಗೆ ಜ್ವರ ಬಂತು. ಗಾಡಿಯಲ್ಲಿ ರಸ್ತೆಗೆ, ಅಲ್ಲಿಂದ ಬಸ್ಸಿನಲ್ಲಿ ತಿಪಟೂರಿಗೆ ಕರೆದೊಯ್ದೆ. ಆಸ್ಪತ್ರೆಯಲ್ಲಿ ಪಾಪ, ಮಾಡಬೇಕಾದ್ದನ್ನೆಲ್ಲ ಮಾಡಿದರು. ಎಷ್ಟು ನೀರು ಕುಡಿಸಿದರೂ ಅವಳಿಗೆ ಬಾಯಾರಿಕೆ ಹೋಗುತ್ತಿರಲಿಲ್ಲ. "ಅಕ್ಕ, ನೀರು" ಎನ್ನುತ್ತಲೇ ಇದ್ದಳು. ತುಟಿ ಒಡೆದು ಸಿಪ್ಪೆ ಏಳುತ್ತಿತ್ತು. ಅವಳ ತಾಯಿತಂದೆಗೆ ಸುದ್ದಿ ಮುಟ್ಟುವ ಮೊದಲೇ, ನನ್ನ ಕೈಯಲ್ಲೇ ಅವಳ ಪ್ರಾಣ ಹೋಯಿತು. ಅಯ್ಯೋ, ಎಲ್ಲಿಯ ಮಗಳು, ಎಲ್ಲಿಯ ಮಣ್ಣು!

ಜ್ವರ ಬಂದವರು ಸಾಯುವುದುಂಟು. ಅಟ್ಟದಲ್ಲಿ ಹಳೆಯ ಕಾಯಿ ಒಂದು ಉಳಿಯುವುದೂ ಉಂಟು. ಹೀಗೆ ನನಗೆ ನಾನೇ ಹೇಳಿಕೊಂಡು ಎಷ್ಟೋ ವರ್ಷ ಕಳೆದೆ. ಕೋಣೆ ಎದ್ದಿತು, ಮಕ್ಕಳು ಅದರಲ್ಲಿ ಓದಿದರು, ನನಗೆ ವರ್ಗವಾಯಿತು, ನಿವೃತ್ತಿಯೂ ಆಯಿತು.

ಈಚೆಗೆ ರತ್ನ ಮಗಳ ಮದುವೆಗೆ ಕರೆಯಲು ನಮ್ಮ ಮನೆಗೆ ಬಂದಿದ್ದಳು. ಮಾತಿಗೆ ಮಾತು ಬಂದು, "ಅವತ್ತು ಆ ಸದ್ದಿಗೆ ತಾನೇ ನೀನು ಹೆದರಿದ್ದು?" ಎಂದು ಕೇಳಿದೆ.

"ನಂಗೆ ಸದ್ದೇನೂ ಕೇಳಿಸ್ಲಿಲ್ಲ ಟೀಚರ್" ಅಂದಳು. "ಯಾರೋ ಎರಡೂ ಕೈಲಿ ನನ್ ತಲೆ ಹಿಡ್ಕಂಡಿದ್ರು. ಹತ್ರಕ್ಕೆ ಕಿವಿ ತಂದಿಟ್ಟಂಗಾಯ್ತು. ಅಷ್ಟರಲ್ಲಿ ಇಂಗ್ರಮ್ಮ ನನ್ನ ಎತ್ಕಂಡ್ರು."

ಅವಳು ಕುಂಕುಮದ ಬಟ್ಟಲನ್ನೇ ನೋಡುತ್ತ ಕೇಳಿದಳು: "ನಾನು ಅಲ್ಲೇ ಕುಂತಿದ್ರೆ, ನನ್ನಿಂದ್ಲೂ ಲೊಡಲೊಡ ಸದ್ದು ಬತ್ತಿತ್ತಾ ಟೀಚರ್?"

ಜನ್ಮವಿಡೀ ಮಕ್ಕಳ ಪ್ರಶ್ನೆಗೆ ಉತ್ತರ ಹೇಳಿಯೇ ಅನ್ನ ತಿಂದವಳು ನಾನು. ಕಾಫಿ ಮಾಡುತ್ತೇನೆಂದು ಎದ್ದು ಒಳಗೆ ಹೋದೆ.