ಮೂರನೇ ಸಲ ಕೇಳಿದ ಹೂವು

ನನಗೆ ಚಿಕ್ಕಂದಿನಿಂದಲೂ ಒಂದು ಕೊಬ್ಬು. ಯಾರನ್ನೂ ದಾರಿ ಕೇಳುವವನಲ್ಲ ನಾನು. ಬೋರ್ಡು ಓದುವ ಮೊದಲೇ ಬಸ್ಸು ಹತ್ತುವವನು, ಡಾಕ್ಟರು ಬಾಯಿ ಬಿಡುವ ಮೊದಲೇ ಕಾಯಿಲೆಯ ಹೆಸರು ಹೇಳುವವನು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅಪ್ಪ ಬೇಗ ಹೋದದ್ದರಿಂದ ಮನೆಯಲ್ಲಿ ಎದುರಾಡುವವರೂ ಇರಲಿಲ್ಲ. ಇದ್ದವರು ಅವ್ವ, ನಾನು, ನನಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವಳಾದ ತಂಗಿ. ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಹೋಗುವ ರಸ್ತೆಯಿಂದ ತುಸು ಒಳಗಿರುವ ಊರು ನಮ್ಮದು. ಅಲ್ಲಿನ ಪಂಚಾಯ್ತಿ ಆಫೀಸಿನಲ್ಲಿ ನನಗೆ ಕೆಲಸ.

ತಂಗಿಗೆ ಸೊರಬದ ಗಂಡು ಗೊತ್ತು ಮಾಡಿದವನೂ ನಾನೇ. ಪೇಟೆಯಲ್ಲಿ ಸ್ವಂತ ಹಾರ್ಡ್‌ವೇರ್ ಅಂಗಡಿ, ಅದರ ಮೇಲೆಯೇ ಮನೆ, ಮಾತು ಕಡಿಮೆ. ಮಾತು ಕಡಿಮೆ ಇರುವವರೆಲ್ಲ ಒಳ್ಳೆಯವರು ಎಂಬುದು ಆಗ ನನ್ನ ಎಣಿಕೆ. ಒಂದು ಲೋಟ ಚಹಾ ಮುಗಿಯುವುದರೊಳಗೆ ತೀರ್ಮಾನಕ್ಕೆ ಬಂದುಬಿಟ್ಟಿದ್ದೆ. ತಂಗಿ ಮಾತ್ರ ಅವರು ನೋಡಿಕೊಂಡು ಹೋದ ದಿನದಿಂದ ಸಪ್ಪಗಿದ್ದಳು. ಏನಾಗಿದೆ ನಿನಗೆ ಎಂದು ಗದರಿಸಿದ ಮೇಲೆ ಬಾಯಿಬಿಟ್ಟಳು.

"ಯಾಕೋ ಮನಸ್ಸು ಒಪ್ತಿಲ್ಲ ಅಣ್ಣ. ನನ್ ಮಾತೂ ಬೇಡ, ನಿನ್ ಮಾತೂ ಬೇಡ. ಊರಮ್ಮನ್ನ ಕೇಳು. ಅವ್ಳು ಹೂ ಕೊಟ್ರೆ ಕಣ್ಮುಚ್ಚಿ ಹೋಗ್ತೀನಿ."

ನಮ್ಮ ಕಡೆ ದೊಡ್ಡ ಕೆಲಸಕ್ಕೆ ಕೈ ಹಾಕುವ ಮುಂಚೆ ದೇವಿಯ ಹತ್ತಿರ ಹೂ ಕೇಳುವುದಿದೆ. ಪೂಜಾರಿ ಹೂವಿನ ಎಸಳನ್ನು ನೀರಲ್ಲಿ ಅದ್ದಿ ದೇವಿಯ ಎರಡೂ ಭುಜಕ್ಕೆ ಅಂಟಿಸುತ್ತಾರೆ. ಕೇಳುವವನು ಎದುರಿಗೆ ಕೂತು ಕಾಯುತ್ತಾನೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಒಂದು ಮಾತನ್ನು ಕೇಳುವುದು ಒಂದೇ ಸಲ.

ಅವ್ವನಿಗೆ ಮಂಡಿನೋವು, ಹಾಗಾಗಿ ಬೆಳಿಗ್ಗೆ ನಾನೊಬ್ಬನೇ ಹೋದೆ. ಗುಡಿಯಲ್ಲಿ ಪೂಜಾರಿಯನ್ನು ಬಿಟ್ಟರೆ ಯಾರೂ ಇರಲಿಲ್ಲ. ನಾನು ಕೈಮುಗಿದು ಕೂತು ಸರಿಯಾಗಿ ಉಸಿರು ಬಿಡುವುದರೊಳಗೆ ಎಡದ ಎಸಳು ಬಿತ್ತು. ಬಾಗಿಲಿಂದ ಗಾಳಿ ಬರುತ್ತಿದೆ, ಇದು ಲೆಕ್ಕಕ್ಕಿಲ್ಲ ಎಂದೆ. ನಾನೇ ಎದ್ದು ಬಾಗಿಲು ಮುಚ್ಚಿ, ಮತ್ತೆ ಅಂಟಿಸಿ ಎಂದೆ. ಎರಡನೇ ಸಲವೂ ಎಡದ್ದೇ ಬಿತ್ತು. ಪೂಜಾರಿ ತಟ್ಟೆ ಎತ್ತಿಕೊಂಡು ಒಳಗೆ ಹೊರಟವರು ನನ್ನ ಮುಖ ನೋಡಿ ನಿಂತರು.

"ತಾಯಿ ಹೇಳ್ಯಾಳ ರೀ. ಇನ್ನೂ ಕೇಳಿದ್ರೆ ಅದು ಕೇಳೋದಲ್ಲ, ಹೇಳ್ಸೋದು."

ಅವರ ಮಗ ಸರ್ಕಾರಿ ಮನೆಗೆ ಹಾಕಿದ್ದ ಅರ್ಜಿ ಪಂಚಾಯ್ತಿಯಲ್ಲಿ ನನ್ನ ಮೇಜಿನ ಮೇಲಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯವೇ ಬರಲಿಲ್ಲ. ಬಲಗಡೆಯದು ಸ್ವಲ್ಪ ಸಡಿಲವಾಗಿರಲಿ ಎಂದಷ್ಟೇ ಅಂದೆ. ಅವರು ನನ್ನ ಕಡೆ ನೋಡದೆ ಅಂಟಿಸಿದರು. ಬಲದ ಎಸಳು ಬಿತ್ತು.

ಆ ಎಸಳನ್ನು ಬಾಳೆಲೆಯ ಚೂರಿನಲ್ಲಿಟ್ಟುಕೊಂಡು ಮನೆಗೆ ತಂದೆ. ಅವ್ವ ಕಣ್ಣಿಗೊತ್ತಿಕೊಂಡಳು. ತಂಗಿ ಅದನ್ನು ತನ್ನ ಕುಂಕುಮದ ಡಬ್ಬಿಯಲ್ಲಿಟ್ಟುಕೊಂಡು, ಎಷ್ಟೋ ದಿನದ ಮೇಲೆ ನಕ್ಕಳು. ಆ ಸಂಜೆ ಸೀರೆಯ ಬಣ್ಣದ ಮಾತೂ ಆಡಿದಳು. ಎಲ್ಲಕ್ಕಿಂತ ಹೆಚ್ಚಾಗಿ ಆ ನಗು ನೆನಪಾದರೆ ನನ್ನ ಮೈಯೆಲ್ಲ ಉರಿಯುತ್ತದೆ.

ಮದುವೆಯಾದ ಮೊದಲ ವರ್ಷ ತೋಳಿನ ಮೇಲೆ ಬಾಸುಂಡೆ ಕಂಡಾಗ ಬಚ್ಚಲಲ್ಲಿ ಜಾರಿದೆ ಎಂದಳು. ಮೂರನೇ ವರ್ಷ ಐದು ತಿಂಗಳ ಬಸಿರು ಇಳಿದುಹೋಯಿತು. ಆಗ ಆಸ್ಪತ್ರೆಯಲ್ಲಿ ಅವ್ವನ ಹತ್ತಿರ ನಿಜ ಹೇಳಿದಳಂತೆ. ಒದ್ದಿದ್ದ. ನಡಿ ಮನೆಗೆ, ಅವನ ಮೇಲೆ ಕೇಸು ಹಾಕುತ್ತೇನೆ ಎಂದು ಕುಣಿದಾಡಿದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಊರಮ್ಮ ಕಳಿಸಿದ ಮನೆ, ನಾನಾಗಿ ಬಿಟ್ಟು ಬಂದರೆ ಅವಳಿಗೆ ಬೆನ್ನು ತೋರಿಸಿದ ಹಾಗಾಗುತ್ತದೆ, ದಾರಿಯನ್ನೂ ಅವಳೇ ತೋರಿಸುತ್ತಾಳೆ ಎಂದಳು. ಹೇಳುವುದಿದ್ದರೆ ನಾನು ಅವತ್ತೇ ಹೇಳಬೇಕಿತ್ತು. ಅವ್ವ ಪಕ್ಕದಲ್ಲೇ ಕೂತಿದ್ದಳು. ನನ್ನ ಮರ್ಯಾದೆ ನನಗೆ ದೊಡ್ಡದಾಯಿತು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರಲ್ಲ, ಸುಳ್ಳು ಅದು. ಮಾಡಿದವನು ನಾನು, ಉಂಡವಳು ಅವಳು. ಹಾಗೆ ಇನ್ನೂ ಐದು ವರ್ಷ ಉಂಡಳು.

ಹೋದ ವರ್ಷ ಒಂದು ಮಧ್ಯಾಹ್ನ ಸೊರಬಕ್ಕೆ ಹೋಗಿದ್ದೆ. ಅವಳ ಗಂಡ ಕೆಳಗೆ ಅಂಗಡಿಯಲ್ಲಿದ್ದ. ಮೇಲೆ ಹೋದರೆ ಅವಳು ಅಡುಗೆಮನೆಯಲ್ಲಿ ಕೂತು ಹುರುಳಿಕಾಯಿ ಮುರಿಯುತ್ತಿದ್ದಳು. ಅವಳ ಎಡಗಡೆ ನಿಂತು ಕರೆದೆ. ತಿರುಗಲಿಲ್ಲ. ಇನ್ನೊಂದು ಸಲ ಕರೆದೆ. ಎದುರಿಗೆ ಹೋಗಿ ನಿಂತ ಮೇಲೆ ಬೆಚ್ಚಿ ತಲೆಯೆತ್ತಿದಳು. ಆ ಕಿವಿ ಹೋಗಿ ಎರಡು ತಿಂಗಳಾಯ್ತು ಅಣ್ಣ, ಈ ಕಡೆ ಬಂದು ಮಾತಾಡು ಎಂದಳು, ಒಡೆದ ಪಾತ್ರೆಯ ಸುದ್ದಿ ಹೇಳುವ ಹಾಗೆ.

ನಾನು ಅವಳ ಬಲಗಡೆಗೆ ಹೋಗಿ ಕೂತೆ. ಎಲ್ಲ ಹೇಳಿದೆ. ಬಾಗಿಲು ಮುಚ್ಚಿದ್ದು, ಎರಡನೇ ಸಲದ್ದು, ಸಡಿಲವಾಗಿ ಅಂಟಿಸಲು ಹೇಳಿದ್ದು. ಅವಳು ಕೈಲಿದ್ದ ಹುರುಳಿಕಾಯಿ ಕೆಳಗಿಡಲಿಲ್ಲ.

"ಎರಡ್ ಸಲ ಬೇಡ ಅಂದ್ಳಾ?"

ಹೂಂ ಎಂದೆ. ಅವಳು ಎದ್ದು ಹೋಗಿ ಕುಂಕುಮದ ಡಬ್ಬಿ ತಂದಳು. ತಳದಲ್ಲಿ ಆ ಎಸಳು ಕರ್ರಗೆ ಒಣಗಿ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದು ತೆಗೆದಳು. ಆಮೇಲೆ ಅತ್ತಳು. ಅವಳು ಅಷ್ಟು ಅತ್ತದ್ದನ್ನು ನಾನು ಆಸ್ಪತ್ರೆಯಲ್ಲೂ ನೋಡಿರಲಿಲ್ಲ.

"ಹೊಡ್ತ ಬಿದ್ದಾಗೆಲ್ಲ ಅವಳನ್ನೇ ಕೇಳ್ತಿದ್ದೆ, ಯಾಕೆ ತಾಯಿ ನನ್ನ ಇಲ್ಲಿಗೆ ಕಳಿಸ್ದೆ ಅಂತ. ಅವ್ಳು ತಡ್ದಿದ್ಳು."

ಎರಡು ಸೀರೆ, ಆ ಡಬ್ಬಿ, ಒಂದು ಕೈಚೀಲ. ಅಂಗಡಿಯ ಮುಂದೆಯೇ ನಡೆದು ಬಂದಳು. ಅವನು ಗಿರಾಕಿಗೆ ಮೊಳೆ ತೂಗುತ್ತಿದ್ದವನು ತಲೆಯೆತ್ತಿ ನೋಡಿದ. ಅವಳು ನಿಲ್ಲಲಿಲ್ಲ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿದೆವು. ದಾರಿಯುದ್ದಕ್ಕೂ ಅವಳು ತನ್ನ ಕಿವುಡು ಕಿವಿ ನನ್ನ ಕಡೆಗೆ ಬರುವಂತೆ ಕೂತಿದ್ದಳು.

ಊರಿನಲ್ಲಿ ಇಳಿದವಳೇ ಗುಡಿಗೆ ಹೋದಳು. ಅದೇ ಪೂಜಾರಿ, ಈಗ ಬೆನ್ನು ಬಾಗಿದೆ. ನಾನೂ ಚಪ್ಪಲಿ ಬಿಡಲು ಹೋದೆ. ನೀನು ಹೊರಗೇ ಇರು ಎಂದಳು. ಕಟ್ಟೆಯ ಮೇಲೆ ಕೂತೆ. ಬಹಳ ಹೊತ್ತಿನ ಮೇಲೆ ಮುಷ್ಟಿ ಮುಚ್ಚಿಕೊಂಡು ಹೊರಗೆ ಬಂದಳು. ಹುಟ್ಟುಗುಣ ಎಲ್ಲಿ ಬಿಡುತ್ತದೆ, ಯಾವ ಕಡೆ ಬಿತ್ತು ಎಂದು ಕೇಳಿಯೇಬಿಟ್ಟೆ.

"ನಿಂಗ್ ಹೇಳಿದ್ರೆ ಮತ್ತೆ ಕೇಳಿಸ್ತೀಯ."

ಶಿರಾಳಕೊಪ್ಪದಿಂದ ನಾನು ಫೋನು ಮಾಡಿದ್ದಕ್ಕೆ ಮನೆಯಲ್ಲಿ ಅವ್ವ ಅವಳಿಗೂ ಸೇರಿಸಿ ಅನ್ನಕ್ಕಿಟ್ಟಿದ್ದಳು. ತಂಗಿ ಕೈಚೀಲ ಎತ್ತಿಕೊಂಡು ಬಂದ ದಾರಿಯಲ್ಲೇ ಬಸ್ಸಿನ ಕಡೆಗೆ ನಡೆದಳು, ನಮ್ಮ ಮನೆಗೂ ಅಲ್ಲ, ಸೊರಬಕ್ಕೂ ಅಲ್ಲ, ಶಿಕಾರಿಪುರದ ಬಸ್ಸಿಗೆ.