ನಗುವ ಆನೆಯ ಟೊಪ್ಪಿ

ಟ್ರಂಕು ತೆರೆದರೆ ನಾನು ಹೆಣೆದ ಉಣ್ಣೆಯ ಕರಡಿ ಟೊಪ್ಪಿಗೆ ಬೂಸ್ಟು ಹಿಡಿದಿತ್ತು! ಕಿವಿ, ಮೂಗು ಎಲ್ಲ ಬೆಳ್ಳಗೆ. ಧಾರವಾಡದಿಂದ ಘಟ್ಟದ ಕೆಳಗಿನ ನೆರಿಯದ ಶಾಲೆಗೆ ಟೀಚರಾಗಿ ಬಂದು ಹದಿನೈದು ದಿನವೂ ಆಗಿರಲಿಲ್ಲ. ನಮ್ಮಲ್ಲಿ ಕುಲಾವಿ, ಅಂದರೆ ಮಕ್ಕಳ ಟೊಪ್ಪಿ, ಹೆಣೆದು ಎತ್ತಿಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಹಾಗೇ ಇರುತ್ತದೆ. ಇಲ್ಲಿ ಮಳೆಗಾಲದಲ್ಲಿ ಬೆಂಕಿಕಡ್ಡಿಯೂ ನೆಟ್ಟಗೆ ಹೊತ್ತುವುದಿಲ್ಲ.

ಬಿಡುವಿನಲ್ಲಿ ಹೆಣಿಗೆ ಕಡ್ಡಿ ಹಿಡಿದರೆ ಸಹೋದ್ಯೋಗಿಗಳಿಗೆ ನಗು. ಕರಡಿ ಟೊಪ್ಪಿಯಂತೆ, ಈ ಬೆವರಿನಲ್ಲಿ! ಮೈಯೆಲ್ಲ ಉರಿಯುತ್ತಿತ್ತು. ಕುಚ್ಚಲಕ್ಕಿ ಅನ್ನ ಹೇಗೋ ಒಗ್ಗಿತು, ಆ ನಗು ಒಗ್ಗಲಿಲ್ಲ.

ನಗದವರು ಒಬ್ಬರೇ, ನಾನು ಬಾಡಿಗೆಗಿರುವ ಮನೆಯ ಒಡತಿ ಕಮಲಕ್ಕ. ಸಂಜೆ ಜಗಲಿಯಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು. ತುಳುವಿನಲ್ಲಿ ಪುಚ್ಚೆ ಎಂದರೆ ಬೆಕ್ಕು, ಪಿಲಿ ಎಂದರೆ ಹುಲಿ ಎಂದು ಹೇಳಿಕೊಟ್ಟರು. ನಾನು ಒಂದೊಂದು ಹೆಸರಿಗೂ ಒಂದೊಂದು ಟೊಪ್ಪಿ ಹೆಣೆದೆ. ಘಟ್ಟದ ಅಂಚಿನಲ್ಲಿ ಮಾದರಿಗಳಿಗೆ ಬರವೇ? ಮುಸಿಯ ಕೋತಿಯ ಕಪ್ಪು ಮುಖ, ಮಂಗಟ್ಟೆ ಹಕ್ಕಿಯ ಹಳದಿ ಕೊಕ್ಕು. ಅವರೊಬ್ಬರನ್ನು ಬಿಟ್ಟರೆ ಈ ಊರಿನಲ್ಲಿ ನನಗೆ ಮಾತಿಗೆ ಜನವಿರಲಿಲ್ಲ. ಅದಕ್ಕೇ ಅವರ ಮೊಮ್ಮಗಳ ಹುಟ್ಟುಹಬ್ಬಕ್ಕೆ ವಾರವಿಡೀ ಕೂತು ಎಲ್ಲಕ್ಕಿಂತ ಚಂದದ್ದನ್ನು ಹೆಣೆದೆ: ಸೊಂಡಿಲೆತ್ತಿ ನಗುವ ಆನೆ.

ಕಮಲಕ್ಕ ಅದನ್ನು ಮುಟ್ಟಲಿಲ್ಲ.

"ನಗುವ ಆನೆಯನ್ನು ಎಲ್ಲಿ ನೋಡಿದ್ದು ಟೀಚರ್? ನಾಳೆ ತೋಟಕ್ಕೆ ಹೋಗುವ, ನಾನು ತೋರಿಸ್ತೇನೆ."

ಸಿಟ್ಟು ನೆತ್ತಿಗೇರಿತು. ಪ್ರೀತಿಯಿಂದ ಕೊಟ್ಟದ್ದನ್ನು ತೆಗೆದುಕೊಳ್ಳಲೂ ಬಾರದ ಜನ ಎಂದು ಗೊಣಗುತ್ತಲೇ ಮರುದಿನ ಹೋದೆ. ತೋಟದಲ್ಲಿ ಒಂದು ಬಾಳೆಯೂ ನಿಂತಿರಲಿಲ್ಲ. ನೀರಿನ ಪೈಪು ಚೂರುಚೂರು. ಆ ವಾರ ಎರಡು ಸಲ ಆನೆ ಇಳಿದಿತ್ತಂತೆ. ಕತ್ತಲಾದರೆ ಮೊಮ್ಮಗಳು ಅಂಗಳಕ್ಕೂ ಕಾಲಿಡುವುದಿಲ್ಲವಂತೆ. ಆನೆ ಓಡಿಸಲು ಹೊಡೆದ ಪಟಾಕಿಯ ಸದ್ದು ಕೇಳಿ ನಾನು ಯಾರದೋ ಮದುವೆ ಎಂದುಕೊಂಡಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಕಮಲಕ್ಕನ ಕ್ಷಮೆ ಕೇಳಿದೆ. ಅವರು ತಲೆಯಾಡಿಸಿದರು, ಅಷ್ಟೇ.

ಅಂದೇ ಸಂಜೆ ಧಾರವಾಡದಿಂದ ತಂಗಿಯ ಫೋನು. ನಾನು ಮೊದಲೇ ಕಳಿಸಿದ್ದ ಫೋಟೊ ಅವಳ ಗೆಳತಿಯರಿಗೆಲ್ಲ ಹಿಡಿಸಿತ್ತು, ಅಂಥವೇ ಹತ್ತು ಆನೆ ಬೇಕಂತೆ. ಹೆಣೆಯುವುದಿಲ್ಲ ಎಂದೆ. ಇಷ್ಟು ಚಂದ ಇರುವುದನ್ನು ಯಾಕೆ ಒಲ್ಲೆ ಎಂದು ಕೇಳಿದಳು. ತಡೆಯಲಾಗಲಿಲ್ಲ.

"ಚಂದ ಅಂತ ಚಂದ! ಒಮ್ಮೆ ನಮ್ಮ ತೋಟಕ್ಕ ಬಂದು ನೋಡು."

"ನಿಮ್ಮ ತೋಟಾ? ಅಲ್ಲಿ ನಿಂದೇನೈತಿ?"

ಫೋನು ಕುಕ್ಕಿದೆ. ಜಗಲಿಯಲ್ಲಿ ಕಮಲಕ್ಕ ಮಗಳೊಡನೆ ತುಳುವಿನಲ್ಲಿ ಆನೆಯ ಮಾತೇ ಆಡುತ್ತಿದ್ದರು. ನಾನೂ ಹೋಗಿ ಪಕ್ಕದಲ್ಲಿ ಕೂತೆ.

ಇಬ್ಬರೂ ಆ ಮಾತು ನಿಲ್ಲಿಸಿ ಕನ್ನಡಕ್ಕೆ ಬಂದು, ನನ್ನ ಊಟವಾಯಿತೇ ಎಂದು ಕೇಳಿದರು.