ಗಂಗಕ್ಕ ಹೊಲಿದ ಕಂಬಳಿ ಕೋಟು

ಮಾರೇನಹಳ್ಳಿಯ ನಮ್ಮ ವಠಾರದಲ್ಲಿ ಗಂಗಲಕ್ಷ್ಮಮ್ಮ ಹೊಲಿಗೆ ಮಿಷನ್ ಮುಂದೆ ಕೂತರೆ ಪಕ್ಕದ ಮನೆ ಬಿದ್ದರೂ ತಲೆಯೆತ್ತುತ್ತಿರಲಿಲ್ಲ. ಅಷ್ಟು ಹಟದ ಹೆಂಗಸು. ನನಗೆ ಗಂಗಕ್ಕ. ನಾನು ಕಿಟ್ಟಿ, ಆಟೋ ಓಡಿಸುವವನು. ನಾನು ಅಣ್ಣ ಎನ್ನುತ್ತಿದ್ದ ಅವರ ಯಜಮಾನರು ಚಿಕ್ಕಹನುಮಯ್ಯನವರನ್ನು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದೆ.

ಮೂವತ್ತು ವರ್ಷ ರಾಜಾಜಿನಗರದ ಕಾರ್ಖಾನೆಯಲ್ಲಿ ಲೇತ್ ಓಡಿಸಿದ ಮನುಷ್ಯ ಆಸ್ಪತ್ರೆಯ ಚಳಿಗೆ ಸೋತುಬಿಟ್ಟರು. ಆ ಕೋಣೆಯಲ್ಲಿ ಅಷ್ಟು ಎಸಿ ಯಾವ ಪುಣ್ಯಾತ್ಮನಿಗೆ ಬೇಕಿತ್ತೋ! ಎಡಗೈಗೆ ಸೂಜಿ ಚುಚ್ಚಬೇಕು, ಹಾಗಾಗಿ ಸ್ವೆಟರ್ ಹಾಕುವಂತಿಲ್ಲ. ಹೊದಿಸಿದ್ದು ಜಾರುತ್ತದೆ. ನಾಲ್ಕು ಗಂಟೆ ಮಲಗಬೇಕಾದವರು ಎರಡೇ ಗಂಟೆಗೆ ಗಡಗಡ ನಡುಗುತ್ತಾ ಎದ್ದು ಬರತೊಡಗಿದರು. ಹೀಗೇ ಆದರೆ ನೀರು ಮೈಯಲ್ಲೇ ಉಳಿದು ಜೀವಕ್ಕೆ ಸಂಚಕಾರ ಎಂದು ಡಾಕ್ಟರು ಗದರಿದರು.

"ಸಾಯೋದಾದ್ರೆ ಮನೇಲಿ ಬೆಚ್ಚಗೆ ಸಾಯ್ತೀನಿ, ಇನ್ನು ಅಲ್ಲಿಗೆ ಬರಲ್ಲ ಕಣೋ," ಎಂದರು ಅಣ್ಣ.

ಗಂಗಕ್ಕ ಅತ್ತೆಯ ಕಾಲದ ಕರಿಕಂಬಳಿಯನ್ನು ನೆಲಕ್ಕೆ ಹಾಸಿ ಸೀಮೆಸುಣ್ಣದಲ್ಲಿ ಗೆರೆ ಹೊಡೆದರು. ನಡುವಿನ ಅಗಲವೆಲ್ಲ ಮೈಗೆ, ಎರಡೂ ಪಕ್ಕದ ಪಟ್ಟಿಗಳು ತೋಳಿಗೆ. ಕೊರಳು ಕತ್ತರಿಸಿದಾಗ ಬಿದ್ದ ತುಂಡು ಜೇಬಾಯಿತು. ಎಡತೋಳನ್ನು ಪೂರ್ತಿ ಹೊಲಿಯದೆ ಲಾಡಿ ಕಟ್ಟುವಂತೆ ಬಿಟ್ಟರು. ಗುಡಿಸಿಹಾಕೋಣವೆಂದರೆ ನೆಲದ ಮೇಲೆ ಒಂದು ಚೂರೂ ಇರಲಿಲ್ಲ. ಮುಂದೆ ಬಿಚ್ಚಿ ದೊಡ್ಡದು ಮಾಡಲಿಕ್ಕೆಂದು ಯಾವ ಟೈಲರಾದರೂ ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡುತ್ತಾರೆ. ಕಂಬಳಿ ಚಿಕ್ಕದಿತ್ತು, ಗಂಗಕ್ಕ ಆ ಎರಡು ಬೆರಳನ್ನೂ ಒಳಗೆ ಉಳಿಸಲಿಲ್ಲ.

ಕೋಟು ಕೆಲಸ ಮಾಡಿತು. ನರ್ಸುಗಳು ಕುರಿ ಕಾಯೋ ಯಜಮಾನರು ಬಂದರು ಎಂದು ಛೇಡಿಸುತ್ತಿದ್ದರು, ಅಣ್ಣ ಮೀಸೆಯಡಿ ನಗುತ್ತಾ ನಾಲ್ಕು ಗಂಟೆಯೂ ನಿದ್ದೆ ಹೊಡೆಯುತ್ತಿದ್ದರು. ಮೂರು ತಿಂಗಳು ಹಾಗೆ ನಡೆಯಿತು.

ಸಂಕ್ರಾಂತಿ ಕಳೆದ ಭಾನುವಾರ ಕೋಟು ವಾಸನೆ ಹೊಡೆಯುತ್ತಿದೆಯೆಂದು ಗಂಗಕ್ಕ ಬಿಸಿನೀರಿನಲ್ಲಿ ಒಗೆದು ತಾರಸಿಯ ಮೇಲೆ ಒಣಗಿಸಿದರು. ಸೋಮವಾರ ಬೆಳಿಗ್ಗೆ ಏಳಕ್ಕೆ ನಾನು ಹೋದಾಗ ಎದೆಯ ಗುಂಡಿಗಳು ಸೇರುತ್ತಲೇ ಇರಲಿಲ್ಲ. ನಾಲ್ಕು ಬೆರಳು ಕಮ್ಮಿ.

ಬಿಸಿನೀರಿಗೆ ಉಣ್ಣೆ ಕುಗ್ಗುತ್ತದೆ, ಅದು ಯಾರಿಗೆ ಗೊತ್ತಿಲ್ಲ? "ನನ್ ಕೈ ಸೇದೋಗ," ಎಂದು ಗಂಗಕ್ಕ ತಮ್ಮನ್ನೇ ಬೈದುಕೊಂಡರು. ಶಾಲು ಹೊದ್ದು ಹೊರಡಿ ಎಂದು ನಾನು ರೇಗಿದೆ. ಕೋಟಿಲ್ಲದೆ ಹೆಜ್ಜೆ ಎತ್ತಿಡುವುದಿಲ್ಲ ಎಂದು ಅಣ್ಣ ಕೂತೇ ಬಿಟ್ಟರು. ಹೊಲಿಗೆಯ ಒಳಗೆ ಬಟ್ಟೆಯೇ ಇಲ್ಲ, ಬಿಚ್ಚಿದರೂ ಹಿಗ್ಗುವುದು ಎಲ್ಲಿಂದ? ಜೇಬು ಕಿತ್ತು ಸೀಳಿ ಬಗಲಿಗೆ ಪಟ್ಟಿ ಕೊಡುತ್ತೇನೆಂದರು ಗಂಗಕ್ಕ. ನಾನು ಕಂಬಳಿ ಬಿಗಿಯಾಗಿ ಹಿಡಿದೆ, ಅವರು ಬ್ಲೇಡಿನಲ್ಲಿ ಹೊಲಿಗೆ ಬಿಚ್ಚಿದರು. ಅಣ್ಣ ಗೋಡೆಗೆ ಒರಗಿ ಉಸ್ಸುಸ್ಸೆನ್ನುತ್ತಿದ್ದರು. ಕಾದು ಕಾದು ಸಿಟ್ಟು ಬಂದಿದೆ ಅಂದುಕೊಂಡೆವು. ಎಂಟೂವರೆಗೆ ಕೋಟು ತೊಡಿಸಲು ಹೋದರೆ ಕೈ ಎತ್ತಲು ಅವರಲ್ಲಿ ತ್ರಾಣವಿರಲಿಲ್ಲ, ತುಟಿ ನೀಲಿಯಾಗಿತ್ತು. ಬಾಪೂಜಿ ನಗರ ದಾಟುವುದರೊಳಗೆ ನನ್ನ ಆಟೋದಲ್ಲೇ ಗಂಗಕ್ಕನ ತೊಡೆಯ ಮೇಲೆ ಹೋಗಿಬಿಟ್ಟರು.

ಎರಡು ದಿನದ ಬಿಡುವಿನಲ್ಲಿ ಮೈತುಂಬ ನೀರು ತುಂಬಿ ಎದೆಗೇರಿತ್ತಂತೆ. ಒಂದು ಗಂಟೆ ಮೊದಲು ತಂದಿದ್ದರೆ ನೋಡಬಹುದಿತ್ತು ಎಂದರು ಡಾಕ್ಟರು. ಗಂಗಕ್ಕ ಅಳಲಿಲ್ಲ. ನಾನೇ ಕಾರಿಡಾರಿನಲ್ಲಿ ಕೂತು ಗೊಳೋ ಅಂತ ಅತ್ತೆ.

ಹನ್ನೊಂದನೇ ದಿನ ಊಟ ಮುಗಿಸಿ ನೆಂಟರೆಲ್ಲ ಹೋದ ಮೇಲೆ ಗಂಗಕ್ಕ ನನ್ನನ್ನು ಒಳಗೆ ಕರೆದರು. ಬಗಲಿಗೆ ಪಟ್ಟಿ ಹಾಕಿದ ಕೋಟು ನೆಲದ ಮೇಲಿತ್ತು, ಪಕ್ಕದಲ್ಲಿ ಅದನ್ನು ಹೊಲಿದಾಗ ಬರೆದಿಟ್ಟ ಅಳತೆ ಪುಸ್ತಕ. ಕೋಟಿನ ಬೆನ್ನಿನ ಮೇಲೆ ಅಡ್ಡಲಾಗಿ ಟೇಪು ಎಳೆದು ನನಗೇ ಓದಲು ಹೇಳಿದರು. ಇಪ್ಪತ್ತೆರಡು ಇಂಚು. ಪುಸ್ತಕದಲ್ಲೂ ಇಪ್ಪತ್ತೆರಡು.

"ಒಂದು ನೂಲೂ ಕುಗ್ಗಿಲ್ಲ ಕಿಟ್ಟಿ," ಎಂದರು ಗಂಗಕ್ಕ. "ಊದಿದ್ದು ಅವರು. ಟೇಪು ನನ್ನ ಕೊರಳಲ್ಲೇ ಇತ್ತು. ಒಂದ್ಸಲ ಅವರ ಎದೆ ಅಳೀಬಾರ್ದಿತ್ತಾ ನಾನು?"